ದಂಡಿಗೆ ಬೇಡದವರು

ಜೆಪ್ಪು ಸೆಮಿನರಿಯ ಲೈಬ್ರರಿಯಲ್ಲಿ
ಹುಳ ತಿಂದ ಲ್ಯಾಟಿನ್ ಹಾಳೆಗೆ ನಾನು ಮೈದಾ ಅಂಟು ಸವರುವಾಗ
ಫಾದರ್ ಬೊನವೆಂಚರ್ ಅರ್ಥ ಹೇಳಿದರು:
ಯುದ್ಧ ಕಂಡವನೋ ಅಲ್ಲವೋ, ರೋಮಿನವನೊಬ್ಬ
ಮುಳುಗುತ್ತಿದ್ದ ಸಾಮ್ರಾಜ್ಯಕ್ಕೆ ಬರೆದುಕೊಟ್ಟ ಪಾಠ.
ಕಲಿಯುವ ಕತ್ತಿ ಮರದ್ದು, ತೂಕ ಇಮ್ಮಡಿ.
ಈಜು ಬರಲೇಬೇಕು.
ನೇಕಾರ, ಮಿಠಾಯಿಯವ, ಮೀನು ಹಿಡಿಯುವವ
ದಂಡಿಗೆ ಬೇಡ.

ಸಂಜೆ ಸುಲ್ತಾನ್ ಬತ್ತೇರಿ ಕಡವಿನಲ್ಲಿ
ಬೆಂಗ್ರೆಯ ದೂಮಪ್ಪ ಮೆಂಡನ್‌ಗೆ ಹೇಳಿದೆ,
ಸಿಟ್ಟು ಬಂದೀತೆಂದು ಸ್ವಲ್ಪ ದೂರ ನಿಂತು.
ಬಲೆಯ ಹರಕಿಗೆ ಗಂಟು ಹಾಕುತ್ತಲೇ ಇದ್ದ.
ತುಪಾಕಿಯ ಕಂಡಿಗಳಲ್ಲಿ ಪಾರಿವಾಳ ಒಳಗೆ ಹೊರಗೆ.

"ನಮ್ಮ ಮಕ್ಕಳನ್ನು ಬಿಟ್ಟನಲ್ಲ, ಪುಣ್ಯಾತ್ಮ,"
ಎಂದ. ದಾರ ಕಚ್ಚಿ ತುಂಡರಿಸಿದ.
ದೋಣಿ ಬಂತು. ಹತ್ತುವಾಗ ತಿರುಗಿ:

"ಅಲ್ಲ ಮಾರಾಯ್ರೆ,
ಹಾಗಾದರೆ ಆ ದಂಡಿಗೆ
ಈಜು ಕಲಿಸಿದ್ದು ಯಾರಂತೆ?"