ಹಮ್ಮು

ಹಾಡು ಶುರುವಾಗುವ ಮೊದಲೇ ಶುರುವಾಗುತ್ತಿತ್ತು ಅದು,
ಸ್ಪೀಕರಿನ ಬಟ್ಟೆಯ ಹಿಂದೆ ಯಾರೋ
ಬಾಯಿ ಮುಚ್ಚಿಕೊಂಡೇ ಗುಂಯ್ ಅಂದ ಹಾಗೆ.
ಒಂದೊಂದೇ ಆರಿಸಿ ನೋಡಿದೆ:
ಫ್ರಿಜ್ಜು, ಯುಪಿಎಸ್ಸು, ದೇವರ ಮುಂದಿನ ಮಿಣುಕು ಸರ,
ಫೋನಿನ ಚಾರ್ಜರು, ಕೊನೆಗೆ ಫ್ಯಾನಿನ ರೆಗ್ಯುಲೇಟರು.
ಗುಂಯ್ ತುಸು ಸಣ್ಣಗಾಯಿತು,
ಮಂಡ್ಯದ ಏಪ್ರಿಲ್ಲು ತುಸು ದೊಡ್ಡದಾಯಿತು.

ಎರಡು ತಿಂಗಳ ಹಾಲಿನ ದುಡ್ಡು ಕೊಟ್ಟು
ಫಿಲ್ಟರು ತಂದೆ. ಗುಂಯ್‌ಗೆ ಅದೂ ಒಂದು ಮನೆಯಾಯಿತು.
ಪ್ಲಗ್ಗಿನ ಮೂರನೇ ಕಾಲು ಮುರಿದುಹಾಕಿ ಮೇಡಂ,
ಎಂದ ಅಂಗಡಿಯ ಹುಡುಗ.

ವೈರಿಂಗಿನ ಸಿದ್ದಾಚಾರಿ ಅದನ್ನು ಕೇಳಿ
ಬೀಡಿ ಕೆಳಗಿಟ್ಟ.
"ಮೂರ್ನೇ ಕಾಲು ಮುರುದ್ರೆ ಸದ್ದು ಸಾಯ್ತದೆ, ನಿಜ.
ಒಂದಿನ ನೀವೂ."
ಅವನ ಬಾಯಲ್ಲಿ ಹಮ್ಮಿಂಗ್ ಅಲ್ಲ, ಹಮ್ಮು.
"ಹಮ್ಮು ಬಂದದೆ ನಿಮ್ ಪೆಟ್ಟಿಗೇಗೆ.
ಹೋಗ್ಬೇಕಂದ್ರೆ ಮಣ್ಣು ಮುಟ್ಬೇಕು.
ಟೇಪಿಗೊಂದು ಬೋರ್ಡು, ಆಂಪಿಗೊಂದು ಬೋರ್ಡು,
ಒಂದ್ ಮನೇಲಿ ಎರಡು ಯಜಮಾನಿಕೆ ನಡೆದದ್ದುಂಟಾ?"

ಹಿತ್ತಲ ಕರಿಬೇವಿನ ಬುಡದಲ್ಲಿ ಸಿಮೆಂಟಿನ ಮುಚ್ಚಳ.
ಮೂವತ್ತು ವರ್ಷ ಅದರ ಮೇಲೆ ಕೂತು ಪಾತ್ರೆ ತಿಕ್ಕಿದ್ದೇವೆ.
ಎತ್ತಿದರೆ ಒಣಗಿದ ಇದ್ದಿಲು, ಕಲ್ಲುಪ್ಪಿನ ಬಿಳಿ ಗೆರೆ,
ಕಿಲುಬು ಹಿಡಿದ ತಾಮ್ರದ ತಂತಿ,
ಹಲ್ಲಿಯ ಎರಡು ಮೊಟ್ಟೆ.
ಹುಣಸೆಹಣ್ಣು ಹಾಕಿ ತಂತಿ ತಿಕ್ಕಿದ, ಹರಿವಾಣ ತಿಕ್ಕುವ ಹಾಗೆ.
ಹೊಸ ಉಪ್ಪು, ಹೊಸ ಇದ್ದಿಲು.
ಏಳು ಕೊಡ ನೀರು ಕುಡಿಯಿತು ಆ ಗುಂಡಿ.
ನಾಲೆ ಹರಿಯುವ ಊರಿನಲ್ಲಿ
ಇಷ್ಟು ಬಾಯಾರಿತ್ತೇ ಮಣ್ಣು!
"ಬೇಸಿಗೇಲಿ ವಾರಕ್ಕೊಂದು ಕೊಡ. ತುಳಸಿಗೆ ಹಾಕಕಿಲ್ವಾ, ಹಂಗೆ."

ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ
ಕಬ್ಬಿನ ಗಾಡಿಯ ತೂಕ ಬರೆದವಳು ನಾನು.
ಮುಳ್ಳು ನಡುಗಿ, ನಡುಗಿ, ನಿಲ್ಲುವುದು ಗೊತ್ತು.
ಆ ಸಂಜೆ ಮನೆ ಹಾಗೆ ನಿಂತಿತು.

ಟೇಪು ಹಾಕಿದೆ.
ಗುಂಯ್.

ಕಿವಿ ಕೊಟ್ಟೆ. ಇದು ಬೇರೆ,
ಇವತ್ತಿನ ಕರೆಂಟಲ್ಲ.
ಎಪ್ಪತ್ತೆರಡರಲ್ಲಿ ಒಂದು ಸಂಜೆ ಈ ಬೀದಿಗೆ ಬಂದು
ಸುರುಳಿಯೊಳಗೆ ಸಿಕ್ಕಿಕೊಂಡ ಕರೆಂಟು.
ತಂಬೂರಿ ಮೀಟುವವಳು ಅವತ್ತು ಬರಲಿಲ್ಲವಂತೆ.
ಚಿಕ್ಕತ್ತೆ ನೀಲಾಂಬಿಕೆ ಬರೀ ಕಂಠದಲ್ಲಿ ಹಾಡಿದಳು ಕಲ್ಯಾಣಿ.
ಟೇಪು ಮೈಸೂರಿನ ಸಭೆಗೆ ಹೋಯಿತು,
ಕಾರ್ಡು ಬಂತು: ಕಂಠ ಚೆನ್ನಾಗಿದೆ, ಶ್ರುತಿ ನಿಲ್ಲದು.
ಆಮೇಲೆ ಅವಳು ಮೂರು ಬೀದಿಗೆ ರವಿಕೆ ಹೊಲಿದಳು.

ಅನುಪಲ್ಲವಿಯ ಹತ್ತಿರ
ದನಿ ಏರಿತು, ಕೂದಲೆಳೆಯಷ್ಟು.
ಅದರ ಜೊತೆಗೇ ಏರಿತು ಗುಂಯ್,
ಅಷ್ಟೇ, ಅದೇ ಕೂದಲೆಳೆ.
ಎರಡೂ ಒಟ್ಟಿಗೆ ಇಳಿದವು.
ಮತ್ತೆ ಹಾಕಿದೆ. ಮತ್ತೆ.
ಅತ್ತೆ ತಪ್ಪಿದ್ದರೆ ತಪ್ಪಲಿ,
ಕಂಬದ ಕರೆಂಟು ಯಾಕೆ ತಪ್ಪುತ್ತದೆ ಅವಳ ಜೊತೆ?
ಸೋತದ್ದು ಕಂಠವಲ್ಲ, ಟೇಪಿನ ಚಕ್ರ.
ಐವತ್ತು ವರ್ಷ ನಾವು ಒರೆಸಿಹಾಕಲು ನೋಡಿದ ಆ ಕೊಳೆಯೇ
ಅವಳ ಕಡೆಯ ಸಾಕ್ಷಿ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ದಂಟಿನ ಸೊಪ್ಪು.
"ಕೆಂಚಪ್ಪನ ರಾಗಿ ಮಿಲ್ಲು," ಅಂದಳು.
"ಏಳಕ್ಕೆ ಹಾಕ್ತಿದ್ದ. ಲೈಟು ಕೆಂಪಗಾಗ್ತಿತ್ತು.
ಅದನ್ನ ನೋಡ್ಕೊಂಡೇ ಹಾಡ್ದೆ."
ಮತ್ತೆ ಅವರಿಗೆ ಬರೆಯಲಿಲ್ಲ ಯಾಕೆ?
"ಕಾರ್ಡಲ್ಲಿ ತೀರ್ಪು ಬರ್ದಿದ್ರು ಕಣೇ.
ಪ್ರಶ್ನೆ ಬರ್ದಿರ್ಲಿಲ್ಲ."

ಸೊಪ್ಪು ತೊಳೆದ ನೀರು ಹಿಡಿದು ಹಿತ್ತಲಿಗೆ ಹೋದಳು.
ಕರಿಬೇವಿನ ಬುಡದಲ್ಲಿ ಗುಳುಗುಳು,
ಅದರ ಹಿಂದೆಯೇ, ಬಾಯಿ ಮುಚ್ಚಿಕೊಂಡೇ,
ಯಾರೋ.