ಗುಂಡಿ ಅಂಗಡಿಗೆ ಮೋಡದ ಪರಿಚಯ

ಟಾಡ್ಮರ್ಡನ್ನಿನಲ್ಲಿ ಹೊಳೆ ಹೇಳಿಯೇ ಬರುತ್ತದೆ.
ಸೈರನ್ ಕೂಗಿದ ಮೇಲೆ
ಮರಳಿನ ಚೀಲ ಎಳೆಯಲು ಅರ್ಧ ಗಂಟೆ ಸಿಗುತ್ತದೆ.
ಆ ಸಲ ಸಿಕ್ಕಿದ್ದು ಇಪ್ಪತ್ತೇ ನಿಮಿಷ.
ಎನಿಡ್ ಹೆಲಿವೆಲ್ ಗುಂಡಿಗಳನ್ನು ಉಳಿಸಿಕೊಂಡಳು,
ಕೊಂಬಿನವು, ಚಿಪ್ಪಿನವು, ಹಳೆಯ ಪಟಾಲಮಿನ ಹಿತ್ತಾಳೆಯವು.
ಲೆಕ್ಕ ಮಾತ್ರ ನೆಲಮಾಳಿಗೆಯಲ್ಲಿ ಮುಳುಗಿತು,
ಸರ್ವರ್ ಎಂಬ ಕರಿ ಪೆಟ್ಟಿಗೆ,
ಅದರ ನೆತ್ತಿಯ ಮೇಲೆಯೇ ಕೂತಿದ್ದ
ಬ್ಯಾಕಪ್ ಡಿಸ್ಕು.

ವಾರಕ್ಕೊಮ್ಮೆ, ಗುರುವಾರ, ಬಂದು ಖಾತೆ ಬರೆಯುವವಳು ನಾನು.
ಹೇರ್ ಡ್ರೈಯರಿನಲ್ಲಿ ರಸೀದಿ ಒಣಗಿಸುತ್ತ ಹೇಳಿದೆ,
ಇನ್ನು ಮೇಲೆ ಎಲ್ಲ ಮೋಡಕ್ಕೆ ಹಾಕೋಣ.
ಅವಳು ಕಿಟಕಿಯಾಚೆ ನೋಡಿದಳು.
ಗುಡ್ಡದ ಹೆಗಲಿಗೆ ಜೋತುಬಿದ್ದು
ಇನ್ನೂ ಹನಿಯುತ್ತಿತ್ತು.
"ನನ್ನ ಲೆಕ್ಕ ತೊಳೆದದ್ದೇ ಅದು.
ಕಳ್ಳನ ಕೈಗೇ ಬೀಗದ ಕೈ ಕೊಡು ಅನ್ನುತ್ತೀಯಾ?"

ನನ್ನ ಮಾತಿನಲ್ಲಿ ಅಂಗಿಯದೂ ಗುಂಡಿ, ನೆಲದ್ದೂ ಗುಂಡಿ
ಅಂತ ಅವಳಿಗೆ ಹೇಳಿದೆ, ಸುಮ್ಮನೆ.
ನಕ್ಕಳು, ನೆರೆ ಇಳಿದ ಮೇಲೆ ಮೊದಲ ಸಲ.
"ಐವತ್ತು ವರ್ಷ ಗುಂಡಿ ಮಾರಿ
ಗುಂಡಿಗೇ ಬಿದ್ದೆ ಅನ್ನು."

ನಮ್ಮ ಕಡೆ ಜೋಳ ಹಗೇವಿನಲ್ಲಿ ಇಡುತ್ತಿದ್ದರು.
ಒಳಗಿಳಿಯುವ ಮುಂಚೆ ಹಗ್ಗಕ್ಕೆ ಕಟ್ಟಿ ದೀಪ ಇಳಿಸುವುದು,
ದೀಪ ಆರಿದರೆ ಯಾರೂ ಇಳಿಯಕೂಡದು.
ಎನಿಡ್, ನಿನ್ನ ಮಾಳಿಗೆಯ ಹಸಿರು ದೀಪಗಳು
ಆರಿ ಒಂಬತ್ತು ದಿನ.

ಮೋಡದಲ್ಲಿ ಮೋಡ ಇಲ್ಲ ಕಣೆ.
ಸ್ಲೌ ಊರಿನ ಬದಿಗೆ ಕಿಟಕಿಯಿಲ್ಲದ ಗೋದಾಮು,
ಯಾರದೋ ಪೆಟ್ಟಿಗೆ, ಯಾರದೋ ಕಾವಲು,
ನಾವು ಬರೀ ಬಾಡಿಗೆಯವರು.
ನೀರಿನ ಮೀಟರಿನಂತೆ, ನಲ್ಲಿ ತಿರುಗಿಸಿದಷ್ಟಕ್ಕೆ ದುಡ್ಡು.
ನವೆಂಬರಿನಲ್ಲಿ ಶಾಲೆಗಳ ನಾಟಕಕ್ಕೆ ಬಟ್ಟೆ ಹೊಲಿಯುವವರೆಲ್ಲ
ಒಟ್ಟಿಗೆ ಮುಗಿಬಿದ್ದರೆ ನಿನ್ನ ಕೋಣೆ ಹಿಗ್ಗುತ್ತದೆ,
ಜನವರಿಗೆ ಕುಗ್ಗುತ್ತದೆ.
ಕುಗ್ಗಿಸಲು ಮರೆತರೆ ಬಿಲ್ಲು ಕುಗ್ಗುವುದಿಲ್ಲ
(ಮಾರಲು ಬಂದ ಹುಡುಗ ಇದೊಂದನ್ನು
ಕೆಮ್ಮಿನ ನಡುವೆ ಹೇಳಿದ).

ಅವಳ ಪ್ರಶ್ನೆಗಳು ವ್ಯಾಪಾರದವಳ ಪ್ರಶ್ನೆಗಳು.
ಆ ಗೋದಾಮಿನ ಪಕ್ಕ ಹೊಳೆ ಉಂಟೋ?
ನಕ್ಷೆ ತೆಗೆದು ನೋಡಬೇಕಾಯಿತು.
ಇರಲಿ, ಇನ್ನೊಂದು ಪ್ರತಿ ಇನ್ನೊಂದು ಊರಲ್ಲಿರುತ್ತದೆ.
ಬಾಡಿಗೆ ತಪ್ಪಿದರೆ?
ಬೀಗ.
ಬೇಡವೆಂದು ಬಿಟ್ಟು ಬರುವುದಾದರೆ?
ಒಳಹೋಗಲು ಹೆಬ್ಬಾಗಿಲು, ಹೊರಬರಲು ಬೆಳಕಿಂಡಿ.
ಅದಕ್ಕೇ ತಿಂಗಳಿಗೊಂದು ಪ್ರತಿ ನಮ್ಮಲ್ಲೂ ಇರಲಿ,
ಮಹಡಿಯಲ್ಲಿ, ಹಾಸಿಗೆ ಬಟ್ಟೆಯ ಬೀರುವಿನಲ್ಲಿ.
ಮೋಡ ನೋಡಿ ಮಡಕೆ ಒಡೆಯಬಾರದು.
ಪಾಸ್‌ವರ್ಡ್ ನಿನ್ನದೇ, ಎಲ್ಲಿಯೂ ಬರೆದು ಅಂಟಿಸಬೇಡ.
ಅಂಟಿಸಿದಳು.

ಅಂಗಡಿಯ ಗೋಡೆ ತುಂಬ ಪುಟ್ಟ ಡ್ರಾಯರುಗಳು,
ಒಳಗೆ ಏನಿದೆಯೆಂದು ಹೇಳಲು
ಒಂದೊಂದರ ಮುಖಕ್ಕೂ ಒಂದೊಂದು ಗುಂಡಿ ಹೊಲಿದಿದೆ.
ಅವುಗಳ ಎದುರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು,
ಬೆರಳು ಗಾಳಿಯಲ್ಲಿ.
ಹದಿನಾಲ್ಕು ಸಾವಿರ ಬಗೆ ಬಲ್ಲವಳು ಕೇಳಿದಳು,
"ಯಾವುದನ್ನು ಒತ್ತಲಿ?"

ಫೆಬ್ರವರಿಯಲ್ಲಿ ಮತ್ತೆ ಸೈರನ್.
ನಾನು ಓಡಿ ಬಂದಾಗ ಅಂಗಡಿಯಲ್ಲಿ ಅವಳಿಲ್ಲ.
ಕೆಳಗೆ, ಟಾರ್ಚು ಹಿಡಿದು,
ಬರಿದಾದ ಹಲಗೆಯ ಮುಂದೆ ನಿಂತಿದ್ದಳು.
ಅಭ್ಯಾಸಬಲದಿಂದ ಇಳಿದಿದ್ದಳು,
ಹೊತ್ತು ತರಲು ಏನೂ ಇರಲಿಲ್ಲ.
ಪೆಟ್ಟಿಗೆ ಕೂತಿದ್ದ ಜಾಗ ಧೂಳಿನಲ್ಲಿ ಚೌಕಾಗಿ ಕಾಣುತ್ತಿತ್ತು.
ಬಾರೆ ಮೇಲೆ, ಅಂದೆ.
ಕೊನೆಯ ಮೆಟ್ಟಿಲಿಗೆ ನೀರು ಬಂದಿತ್ತು,
ಬೆಕ್ಕಿನ ಹಾಗೆ, ಸದ್ದಿಲ್ಲದೆ,
ಏನನ್ನೋ ಮೂಸುತ್ತ.