ಮೊದಲು ಆರುವ ಜಾಗ

ಸಂಜೆ ಆರಕ್ಕೆ ಸರ್ಕಾರದ ಕರೆಂಟು ಹೋಗಿ
ಬೀದಿಯ ಜನರೇಟರು ಕೆಮ್ಮುತ್ತ ಏಳುವ ನಡುವೆ
ಒಂದು ಗಳಿಗೆ ಉಂಟು,
ಬುರ್ಜ್ ಹಮ್ಮೂದಿನಲ್ಲಿ ಎಲ್ಲರೂ ಮಾತು ನಿಲ್ಲಿಸುವ ಗಳಿಗೆ.
ಆದದ್ದು ಆಗಲೇ, ಎಂದಳು ವಿದಾದ್.
ಟಪ್ ಅಂತು ಉಸ್ತಾದ್, ಆಮೇಲೆ ಮೀನು ಸುಟ್ಟ ವಾಸನೆ.

ಮೀನಿನ ವಾಸನೆ ಅಂದರೆ ಕೆಪಾಸಿಟರು.
ವಾರ್ನಿಷಿನದಾದರೆ ತಾಮ್ರದ ಸುರುಳಿ.
ಏನೂ ಇಲ್ಲದಿದ್ದರೆ ಹೆದರಬೇಕು.
ಮೂವತ್ತು ವರ್ಷಕ್ಕೆ ನನ್ನ ಮೂಗು ಕಲಿತದ್ದು ಇಷ್ಟೇ.

ಪವರ್ ಸಪ್ಲೈ ಬಿಚ್ಚಿದೆ.
ಹೊರಗೆ ಏಳುನೂರು ವ್ಯಾಟ್ ಎಂದು ಚೀಟಿ;
ಒಳಗೆ, ತೂಕ ಬರಲಿ ಎಂದು, ಒಂದು ಕಬ್ಬಿಣದ ತುಂಡು.
ಅದು ಸತ್ತದ್ದಕ್ಕೆ ನನಗೇನೂ ಬೇಸರವಿಲ್ಲ.
ತಾನು ಕೆಟ್ಟ ಕೋತಿ ವನವನ್ನೂ ಕೆಡಿಸಿತೇ,
ನೋಡಬೇಕಾದ್ದು ಅದು.

ನನ್ನದೊಂದು ಸಪ್ಲೈ ಹಾಕಿದೆ. ಫ್ಯಾನು ಅರ್ಧ ಸುತ್ತಿ ನಿಂತಿತು,
ಕರೆದರೆ ತಲೆಯೆತ್ತಿ ಮತ್ತೆ ಮಲಗುವ ಬೆಕ್ಕಿನಂತೆ.
ಗ್ರಾಫಿಕ್ಸ್ ಕಾರ್ಡು ಕಿತ್ತೆ. ತಿರುಗಿತು. ತಿರುಗುತ್ತಲೇ ಇತ್ತು.
ಮದರ್‌ಬೋರ್ಡಿನ ಸ್ವಂತ ಕಿಂಡಿಗೆ ಕೇಬಲ್ ಚುಚ್ಚಿದರೆ
ಪರದೆಯೂ ಬಂತು, ಗಡಿಯಾರ ಮಾತ್ರ ತಪ್ಪು.
ಸರಿ, ಮಿಕ್ಕವರೆಲ್ಲ ಮನೆಗೆ ಹೋಗಬಹುದು.
ಕಾರ್ಡು ಮೇಜಿನ ಮೇಲೆ ಉಳಿಯಿತು.

ಹೊಸದಕ್ಕೆ ಎಷ್ಟು ಎಂದು ಅವಳು ಕೇಳಲಿಲ್ಲ.
ಈಗ ಇಲ್ಲಿ ಯಾರೂ ಕೇಳುವುದಿಲ್ಲ.
ಬೇರೇನೋ ಹೇಳಿದಳು:
ಕಿವಿ ಕೇಳದ ಮಕ್ಕಳ ಶಾಲೆ ನನ್ನದು,
ಅವರಿಗೆ ಕೈಗಳನ್ನು ಮಾಡಿಕೊಡುತ್ತೇನೆ,
ಬರೀ ಕೈ, ಮೊಣಕೈವರೆಗೆ.
ಬೆರಳು ಬಾಗಬೇಕು, ಅಂಗೈ ಮೇಲೆ ಅದರ ನೆರಳು ಬೀಳಬೇಕು;
ಒಂದು ಮಾತಿಗೆ ಯಂತ್ರ ಒಂದು ರಾತ್ರಿ ತಿನ್ನುತ್ತದೆ.
ನೂರಾ ಹನ್ನೆರಡು ಮಾತು ಮುಗಿದಿವೆ,
ಮುಂದಿನದರ ನಡುವೆ ಹೀಗಾಯಿತು.
ಯಾವ ಮಾತು ಎಂದೆ.
ಹೇಳಲಿಲ್ಲ. ಬೆರಳಲ್ಲಿ ತೋರಿಸಿದಳು.
ನನಗೆ ತಿಳಿಯಲಿಲ್ಲ, ತಲೆಯಾಡಿಸಿದೆ.

ಮೀಟರಿನ ಎರಡು ಮುಳ್ಳು:
ಒಂದು ಹನ್ನೆರಡು ವೋಲ್ಟಿನ ದಾರಿಗೆ, ಒಂದು ನೆಲಕ್ಕೆ.
ಕುಂಯ್ ಎಂದಿತು.
ಇರಕೂಡದ ಕಡೆ ಎಲ್ಲೋ ಕಾಲುದಾರಿಯಾಗಿದೆ.
ಎಲ್ಲಿ? ಎಳ್ಳಿನಷ್ಟಷ್ಟೇ ದಪ್ಪ, ಇನ್ನೂರು ಕೆಪಾಸಿಟರುಗಳು,
ಎಲ್ಲವೂ ಸಂಭಾವಿತರ ಹಾಗೆ ಕೂತಿವೆ.

ಆಗ ಮಾಡುವುದು ಒಂದು ಕೆಲಸ.
ಕಾರ್ಡಿನ ಮೈಗೆ ಸ್ಪಿರಿಟ್ ಸವರಿ
ಒಂದೇ ಒಂದು ವೋಲ್ಟನ್ನು
ಒಳಲೆಯಲ್ಲಿ ಕೂಸಿಗೆ ಹಾಲು ಹಾಕುವಂತೆ ಒಳಗೆ ಬಿಟ್ಟು
ಕಣ್ಣು ಮಿಟುಕಿಸದೆ ಕಾಯುವುದು.
ಕೆಟ್ಟದ್ದು ಬೆಚ್ಚಗಾಗುತ್ತದೆ.
ಒದ್ದೆ ಮೊದಲು ಎಲ್ಲಿ ಆರಿತೋ, ಅದೇ.

ಇಬ್ಬರೂ ಬಗ್ಗಿದೆವು. ಕನ್ನಡಕ ನನ್ನದು, ಕಣ್ಣು ಅವಳದು:
ಮೊದಲು ಕಂಡದ್ದು ಅವಳಿಗೆ. ಕಿರುಬೆರಳು ಚಾಚಿದಳು.
ಅಲ್ಲಿ, ಕಪ್ಪು ಹೊಳಪಿನ ನಡುವೆ,
ಒಂದು ಒಣ ಚುಕ್ಕೆ ಅಗಲವಾಗುತ್ತಿತ್ತು.

ಬಿಸಿಗಾಳಿ ಊದಿ ಚಿಮುಟದಲ್ಲಿ ಕಿತ್ತೆ. ಮೀಟರು ಬಾಯಿ ಮುಚ್ಚಿತು.
ಒಂದು ಇಲ್ಲದಿದ್ದರೆ ನಡೆದೀತೆ, ಎಂದಳು.
ಅಕ್ಕಪಕ್ಕದವು ಸುಧಾರಿಸುತ್ತವೆ, ಎಂದೆ,
ಎಷ್ಟು ದಿನ ಅಂತ ಮಾತ್ರ ಕೇಳಬೇಡ.

ಪರದೆ ಬಂತು.
ಎಡಕ್ಕೆ ಮೇಲಿಂದ ಕೆಳಗೆ ಹಸಿರು ಚುಕ್ಕಿಗಳ ಸಾಲೂ ಬಂತು.
ಮೆಮೊರಿಗೂ ಏಟು ಬಿದ್ದಿತ್ತು; ಅದು ನನ್ನ ಕೈಯಲ್ಲಿಲ್ಲ.
ವೇಗ ತಗ್ಗಿಸಿಕೊಟ್ಟೆ: ಒಂದು ಮಾತಿಗೆ ಇನ್ನು ಎರಡು ರಾತ್ರಿ.
ಅವಳು ಕಡತ ತೆರೆದಳು.
ಅರ್ಧ ಬಾಗಿದ ಬೆರಳುಗಳ ಒಂದು ಕೈ,
ಮಣಿಕಟ್ಟಿನ ಮೇಲೆ ಆ ಹಸಿರು, ಹಚ್ಚೆಯ ಹಾಗೆ.
ಮಕ್ಕಳು ಬಳೆ ಅಂದುಕೊಳ್ಳಲಿ, ಎಂದು
ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದಳು.

ಆರಾಯಿತು. ಕತ್ತಲು, ಆಮೇಲೆ ಜನರೇಟರು.
ಅಂಗಡಿ ಬಾಗಿಲಲ್ಲಿ ನಿಂತು
ಅವಳು ತೋರಿಸಿದ್ದನ್ನು ನನ್ನ ಬೆರಳಲ್ಲಿ ಮಾಡಿ ನೋಡಿದೆ,
ಎರಡು ಸಲ, ಮೂರು ಸಲ.
ಎದುರಂಗಡಿಯ ಸಿರಾನುಶ್ ಅದನ್ನು ನೋಡಿ
ಬೀದಿ ದಾಟಿ ಬಂದು
ನನಗೆ ಒಂದು ಹಿಡಿ ಉಪ್ಪು ಕೊಟ್ಟಳು.